ಹಳದಿ ಸೀರೆಯ ಕಾವಲು

ರಾಮಯ್ಯನಿಗೆ ತಿಳಿದ ಮಟ್ಟಿಗೆ ಇಡೀ ಭದ್ರಾವತಿಯಲ್ಲಿ ತನ್ನ ಹೆಂಡತಿ ಹಾಲಮ್ಮನಿಗೆ ಹೆದರದವರು ಯಾರೂ ಇರಲಿಲ್ಲ. ಹಾಲಿನವನು ನೀರು ಬೆರೆಸುವುದನ್ನು ಬಿಟ್ಟದ್ದು ಅವಳಿಂದ, ಬೀದಿನಾಯಿ ಬೇರೆ ಬೀದಿ ಹುಡುಕಿಕೊಂಡದ್ದೂ ಅವಳಿಂದ. ಅಂಥವಳು ಮಗಳ ಬಾಣಂತನಕ್ಕೆಂದು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಹೊರಟಾಗ ಗಂಡನಿಗೆ ಒಪ್ಪಿಸಿ ಹೋದದ್ದು ಹಿತ್ತಿಲ ಕೊಳದ ಮೀನುಗಳನ್ನು ಮಾತ್ರ.

ಕೊಳವೆಂದರೆ ದೊಡ್ಡದೇನಲ್ಲ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ರಾಮಯ್ಯ ತಾನೇ ಅಗೆದು ಸಿಮೆಂಟು ಬಳಿದದ್ದು, ಮಂಚದಷ್ಟು ಅಗಲ. ಮೀನುಗಳು ಮಾತ್ರ ಹಾಲಮ್ಮನವು. ಹಣೆಯಲ್ಲಿ ಕಪ್ಪು ಚುಕ್ಕೆಯಿದ್ದದ್ದಕ್ಕೆ ಬೊಟ್ಟು ಎಂದು ಹೆಸರಿಟ್ಟಿದ್ದಳು, ಎಲ್ಲಕ್ಕಿಂತ ಹಳೆಯದಕ್ಕೆ ಕೆಂಪಿ ಎಂದು. "ಕೆಂಪಿಗೆ ಏನಾದ್ರೂ ಆಯ್ತೋ, ನಾನು ಮನೆಗೇ ಬರಲ್ಲ ನೋಡಿ" ಎಂದು ಬಸ್ಸಿನ ಕಿಟಕಿಯಿಂದ ಹೇಳಿದ್ದಳು.

ಅವಳು ಹೋದ ವಾರವೇ ಹೊಳೆಯ ಕಡೆಯಿಂದ ಕೊಕ್ಕರೆಯೊಂದು ಬಂತು. ಕೊಳಕ್ಕೆ ಹೊದಿಸಲು ಬಲೆ ತರೋಣವೆಂದು ಪೇಟೆಗೆ ಹೋದ ರಾಮಯ್ಯ ಬೆಲೆ ಕೇಳಿ ಬರಿಗೈಯಲ್ಲಿ ವಾಪಸಾದ. ದಾರಿಯಲ್ಲಿ ಹುಟ್ಟೂರಿನ ಗದ್ದೆ ನೆನಪಾಗಿ ತಲೆ ಓಡಿತು. ಬಿದಿರು ಕಡ್ಡಿಗೆ ಒಡಕು ಮಡಕೆ ಸಿಕ್ಕಿಸಿ ಬೆದರುಗೊಂಬೆ ಮಾಡಿದ. ಅದಕ್ಕೆ ತನ್ನ ಅಂಗಿ ತೊಡಿಸಲು ಹೋದವನು ಕೈ ಹಿಂದೆಗೆದ. ನನಗೆ ಯಾವ ಕೊಕ್ಕರೆ ಹೆದರುತ್ತದೆ ಎನ್ನಿಸಿ, ಹಾಲಮ್ಮ ಹಿತ್ತಿಲ ಕೆಲಸಕ್ಕೆ ಉಡುತ್ತಿದ್ದ ಹಳದಿ ಸೀರೆಯನ್ನು ಉಡಿಸಿ ಕೊಳದ ಅಂಚಿನಲ್ಲಿ ನಿಲ್ಲಿಸಿದ.

ಎಂಥ ಚೆಂದ ನಿಂತಿತು ಅದು! ಗಾಳಿ ಬಂದರೆ ಸೆರಗು ಹಾರುತ್ತಿತ್ತು, ನೀರಿನಲ್ಲಿ ಇನ್ನೊಂದು ಸೆರಗು ಹಾರುತ್ತಿತ್ತು. ಮಧ್ಯಾಹ್ನದ ಮಂಪರಿನಲ್ಲಿ ಕಟ್ಟೆಗೆ ಒರಗಿದರೆ ಅವಳು ಇಲ್ಲೇ ಇದ್ದಾಳೆ ಎನ್ನಿಸುತ್ತಿತ್ತು. "ಕಾಫಿ ಮಾಡ್ತೀಯಾ?" ಎಂದು ಒಮ್ಮೆ ಕೇಳಿಯೂಬಿಟ್ಟ. ಉತ್ತರ ಬಾರದಿದ್ದರೂ ಬೇಸರವಾಗಲಿಲ್ಲ. ಸಿಟ್ಟು ಬಂದಾಗ ಅವಳೂ ಹಾಗೇ.

ಅದೇ ಅರೆನಿದ್ದೆಯಲ್ಲಿದ್ದಾಗ ಕೊಕ್ಕರೆ ಸೀರೆಯ ಪಕ್ಕದಲ್ಲೇ ಇಳಿಯಿತು. ಕನಸಿರಬೇಕೆಂದುಕೊಂಡ. ಮೀನುಗಳೆಲ್ಲ ಹಳದಿ ನೆರಳಿನ ಕೆಳಗೆ ಗುಂಪಾಗಿ, ಬಾಯಿ ತೆರೆದು ಮೇಲೆ ನೋಡುತ್ತಿದ್ದವು. ಕೊಕ್ಕರೆ ಅವಸರವೇ ಇಲ್ಲದೆ ಬಗ್ಗಿ ಬೊಟ್ಟುವನ್ನು ಎತ್ತಿಕೊಂಡಿತು. ನೀರು ಚಿಮ್ಮಿದಾಗಲೇ ರಾಮಯ್ಯ ಕೂಗಿಕೊಂಡು ಓಡಿದ್ದು.

ಹಕ್ಕಿ ಹಾರಿತು. ಚದುರಿದ ಮೀನುಗಳು ಸ್ವಲ್ಪ ಹೊತ್ತಿಗೆ ಮತ್ತೆ ಸೀರೆಯ ಬುಡಕ್ಕೇ ಬಂದವು, ಕೆಂಪಿ ಎಲ್ಲಕ್ಕಿಂತ ಮುಂದೆ. ಆಗ ಅವನಿಗೆ ಹೊಳೆಯಿತು. ಇಷ್ಟು ವರ್ಷ ಅವಕ್ಕೆ ಮಂಡಕ್ಕಿ ಉದುರಿದ್ದು ಈ ಸೀರೆಯ ಮಡಿಲಿನಿಂದಲೇ. ಊರೆಲ್ಲ ಹೆದರುವ ಹೆಂಗಸಿಗೆ ಹೆದರದ ಜೀವಗಳು ಇವು. ಇವನ್ನೇ ಅವನು ಕರೆಕರೆದು ಕೊಕ್ಕರೆಗೆ ಬಡಿಸಿದ್ದ.

ಸೀರೆ ಬಿಚ್ಚಿದ. ಗೂಟ ಹೊಡೆದು ಅದನ್ನೇ ಕೊಳದ ಮೇಲೆ ಚಪ್ಪರದಂತೆ ಬಿಗಿದು ಕಟ್ಟಿದ. ಮೀನುಗಳು ಅಡಗಿಕೊಳ್ಳಲೆಂದು ಒಡಕು ಮಡಕೆಯನ್ನು ನೀರೊಳಗೆ ಮಲಗಿಸಿದ. ಸಂಜೆ ಕೊಕ್ಕರೆ ಬಂತು, ಸೀರೆಯ ಸುತ್ತ ನಡೆದು ನೋಡಿತು, ಊಟಕ್ಕೆ ಯಾರೂ ಕರೆಯದ ನೆಂಟನ ಹಾಗೆ ಹೊರಟುಹೋಯಿತು. ಅಂಚು ಎತ್ತಿ ಇಣುಕಿದರೆ ನೀರೆಲ್ಲ ಅರಿಶಿನ ಕದಡಿದಂತಿತ್ತು, ಅದರೊಳಗೆ ಕೆಂಪಿ ನಿಧಾನವಾಗಿ ತಿರುಗುತ್ತಿತ್ತು.

ಆಮೇಲೆ ಹಾಲಮ್ಮನ ಫೋನು ಬಂತು. "ಕೆಂಪಿ ಹೆಂಗಿದೆ?"

"ನಿನ್ನ ಸೆರಗಿನ ಕೆಳಗೆ ಆರಾಮಾಗಿದೆ" ಎಂದ ರಾಮಯ್ಯ, ಬೊಟ್ಟುವಿನ ಸಂಗತಿ, ಗೊಂಬೆಯ ಸಂಗತಿ ಎಲ್ಲ ಹೇಳಿ ಬೈಗುಳಕ್ಕೆ ಕಾದ. ಆ ಕಡೆ ಅಳುತ್ತಿದ್ದ ಮಗುವನ್ನು ಅವಳು ತಟ್ಟುವುದು ಕೇಳಿಸಿತು.

"ಸೀರೆ ನೋಡಿ ನಾನೇ ಅಂತ ಬಂದ್ವಾ?" ಎಂದಳು, ಸಣ್ಣ ದನಿಯಲ್ಲಿ.

"ಬಂದ್ವು ಮಾರಾಯ್ತಿ. ಅವನ್ನೇನು ಅನ್ನೋದು, ನಾನೇ ಕಾಫಿ ಕೇಳಿದ್ದೆ."