ಶಂಕರೆಪ್ಪನ ಎರೆಮಣ್ಣಿನ ಹಟ

ಹಿನ್ನೀರು ಹಳೆಯ ಊರನ್ನು ನುಂಗಿದ ಮೇಲೆ ಶಂಕರೆಪ್ಪ ಬೀಳಗಿ ಕಡೆಯ ಗುಡ್ಡದ ಮೇಲೊಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ. ಅವನೂ ಹೆಂಡತಿ ಇಂದ್ರವ್ವನೂ ಅದರಲ್ಲೇ ಹೇಗೋ ದಿನ ನೂಕುತ್ತಿದ್ದರು. ಈಗ ಮಗಳು ರಾಜಶ್ರೀ ಚೊಚ್ಚಲ ಬಸುರಿ. ಬಾಣಂತನ ತವರಲ್ಲೇ ಆಗಬೇಕು, ಅದೂ ಬರುವ ಚೈತ್ರದಲ್ಲಿ. ಚೈತ್ರದ ಬಿಸಿಲಿಗೆ ಆ ತಗಡಿನ ಕೆಳಗೆ ರೊಟ್ಟಿ ಒಲೆಯಿಲ್ಲದೆ ಬೇಯುತ್ತದೆ ಎಂದು ನೆರೆಯವರು ನಗುತ್ತಿದ್ದರು. ಹಸುಗೂಸು ಹೇಗೆ ತಾಳೀತು? ತಂಪಾದ ಮನೆ ಇಲ್ಲದಿದ್ದರೆ ಸೊಸೆಯನ್ನು ಕಳಿಸುವುದಿಲ್ಲವೆಂದು ಬೀಗರು ಹೇಳಿಬಿಟ್ಟಿದ್ದರು.

ಆ ಮಾತು ಶಂಕರೆಪ್ಪನ ಎದೆಗೆ ನಾಟಿತು. ದೀಪಾವಳಿ ಮುಗಿದದ್ದೇ ತಡ, ಗುಡ್ಡದ ಕಲ್ಲು ಆಯ್ದು ಮನೆ ಕಟ್ಟಲು ನಿಂತ. ಗೌಂಡಿ ಕೆಲಸಕ್ಕೆ ಮಾದೇವಿಯನ್ನು ಕರೆದಿದ್ದ. ಅವಳು ಮಹಿಳಾ ಸಂಘದವಳು, ಕಲ್ಲು ಮಣ್ಣಿನ ಮನೆ ಕಟ್ಟುವುದನ್ನು ತರಬೇತಿಯಲ್ಲಿ ಕಲಿತವಳು. ಅವಳು ಬರುವವರೆಗೆ ಕಾಯುವ ಪುರುಸೊತ್ತು ಇವನಿಗೆಲ್ಲಿ? ಗೋಡೆ ಆಗಲೇ ಮೊಣಕಾಲೆತ್ತರ ಎದ್ದಿತ್ತು. ಕಲ್ಲುಗಳ ನಡುವೆ ಕಪ್ಪು ಎರೆಮಣ್ಣು. ಕೆಳಗೆ ಮುಳುಗದೆ ಉಳಿದ ತನ್ನ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಹೇರಿಸಿ ಗುಡ್ಡ ಹತ್ತಿಸಿದ್ದ ಪುಣ್ಯಾತ್ಮ.

ಈ ಗೋಡೆ ಬಾಳಿಕೆ ಬರುವುದಿಲ್ಲ ಎಂದಳು ಬಂದು ನೋಡಿದ ಮಾದೇವಿ. ಶಂಕರೆಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ನನ್ನ ಎರಿಗೆ ಹೆಸರ ಇಡ್ತಿಯೇನು? ಆಳೆತ್ತರ ಕಬ್ಬ ಬೆಳದ ಮಣ್ಣ ಅದು. ನಾಕ ಕಲ್ಲ ಹಿಡಕೊಳ್ಳಂಗಿಲ್ಲೇನು?”

“ಬೆಳಿಗೆ ಬಂಗಾರ ಐತ್ರಿ ಕಾಕಾ, ಗ್ವಾಡಿಗೆ ಅಲ್ಲ. ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಬ್ಯಾಸಗ್ಯಾಗ ನಿಮ್ಮ ಹೊಲಾ ಕಾಲ ಸಿಗೂವಷ್ಟ ಬಿರಕ ಬಿಡೂದ ನೀವ ನೋಡಿಲ್ಲೇನ್ರಿ?”

ನೋಡಿದ್ದ. ಆದರೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಬೆಳೆ ಕೊಡುವುದೇ ಮಣ್ಣು, ಉಳಿದದ್ದೆಲ್ಲ ಧೂಳು ಎಂದು ನಂಬಿ ಬಾಳಿದವನು ಅವನು.

ಮಾದೇವಿ ವಾದಕ್ಕೆ ಇಳಿಯಲಿಲ್ಲ. ಎರೆಮಣ್ಣಿನದೊಂದು, ಗುಡ್ಡದ ಸಣ್ಣಕಲ್ಲಿನ ಗರಸು ಬೆರೆತ ಕೆಂಪು ಮಣ್ಣಿನದೊಂದು, ಎರಡು ಇಟ್ಟಂಗಿ ಮಾಡಿ ನೆರಳಿಗಿಟ್ಟಳು. ಹತ್ತು ದಿನ ಕೆಲಸ ನಿಲ್ಲಿಸಿ, ಆಮೇಲೆ ನೀವು ಹೇಳಿದ ಹಾಗೆ ಎಂದು ಹೋದಳು.

ಶಂಕರೆಪ್ಪ ದಿನಕ್ಕೆ ಮೂರು ಸಲ ಹೋಗಿ ಇಣುಕುತ್ತಿದ್ದ. ನಾಲ್ಕನೆಯ ದಿನ ಕಪ್ಪು ಇಟ್ಟಂಗಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಆಚೀಚೆ ನೋಡಿ, ಹಸಿಮಣ್ಣು ಮೆತ್ತಿ ಮುಚ್ಚಿದ. ಮರುದಿನ ಇನ್ನೊಂದು ಕಂಡಿತು. ಅದನ್ನೂ ಮುಚ್ಚಿದ.

ಹತ್ತನೆಯ ದಿನ ಮಾದೇವಿ ಎರಡನ್ನೂ ಸೊಂಟದೆತ್ತರದಿಂದ ಕೆಳಗೆ ಬಿಟ್ಟಳು. ಕೆಂಪು ಇಟ್ಟಂಗಿಯ ಮೂಲೆ ಮಾತ್ರ ಮುರಿಯಿತು. ಕಪ್ಪಿನದು ಮೂರು ಹೋಳಾಯಿತು. ಇಂದ್ರವ್ವ ಇನ್ನು ಸುಮ್ಮನಿರಲಿಲ್ಲ.

“ನೀವ ಬಿರಕ ಮುಚ್ಚೂದ ನಾ ನೋಡೇನಿ. ಗ್ವಾಡಿಗೂ ದಿನಾ ಹಿಂಗ ಮೆತ್ತಕೋತ ಕುಂದ್ರಾವ್ರೇನ್ರಿ? ಬಿರಕನ್ಯಾಗ ಚೇಳ ಸೇರ್ತಾವ. ಕೂಸ ಅದ ಗ್ವಾಡಿ ಮಗ್ಗಲಾಗ ಮಲಗತೈತಿ.”

ಶಂಕರೆಪ್ಪ ಎದ್ದು ಹೋಗಿ ಗೋಡೆಯ ಮೊದಲ ಕಲ್ಲನ್ನು ತಾನೇ ಕಿತ್ತ. ಕೈಯಾರೆ ಕಟ್ಟಿದ್ದನ್ನು ಕೆಡವುವಾಗ ಅವನ ಕಣ್ಣು ತುಂಬಿ ಬಂತು. ಪಾಪ, ಮಗಳಿಗಾಗಿಯೇ ಅಲ್ಲವೇ ಅವಸರ ಮಾಡಿದ್ದು.

ಗೋಡೆ ಮತ್ತೆ ಎದ್ದಿತು, ಈ ಸಲ ಕೆಂಪು ಮಣ್ಣಿನಲ್ಲಿ. ಗೋಡೆಯ ಎರಡೂ ಮುಖ ಹಿಡಿದು ನಿಲ್ಲುವಂತೆ ನಡುನಡುವೆ ಉದ್ದನೆಯ ಕಲ್ಲು ಅಡ್ಡ ಹಾಕಿದರು. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಕೆಡುತ್ತದೆಂದು ಮಾದೇವಿ ಸುಣ್ಣದ ಗಾರೆ ಮಾಡಿಸಿದಳು. ಮನೆಯ ಚಾವಣಿಯಾದ ಮಾಳಿಗೆ ಮುಚ್ಚುವ ಹೊತ್ತಿಗೆ ಅವಳು ಕೇಳಿದ್ದು ಸವಳು ಮಣ್ಣು.

ಶಂಕರೆಪ್ಪ ತಲೆ ತಗ್ಗಿಸಿದ. ಅತಿಯಾಗಿ ನೀರು ಹಾಯಿಸಿ ಅವನ ಹೊಲದ ಒಂದು ಮೂಲೆ ಉಪ್ಪೇರಿ ಸವಳು ಹಿಡಿದಿತ್ತು. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಬೀಗರು ಬಂದರೆ ಆ ಮೂಲೆ ಕಾಣದಂತೆ ಬೇರೆ ದಾರಿಯಲ್ಲಿ ಕರೆದೊಯ್ಯುತ್ತಿದ್ದ. ಆ ಮಣ್ಣು ನೆನೆದರೆ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲವೆಂದು ಮಾದೇವಿ ತಿಳಿಸಿ ಹೇಳಿದಳು. ಮಾಳಿಗೆಯ ತುಂಬ ಅದನ್ನೇ ಹಾಸಿ, ನೀರು ಹರಿಯಲು ಇಳಿಜಾರು ಕೊಟ್ಟರು.

ಚೈತ್ರದಲ್ಲಿ ರಾಜಶ್ರೀ ತವರಿಗೆ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಯಿತು. ಹೊರಗೆ ಕಾಲಿಟ್ಟರೆ ಸುಡುವ ಮಧ್ಯಾಹ್ನ, ಒಳಗೆ ಕೂಸು ಗೋಡೆಯ ಪಕ್ಕ ಹಾಯಾಗಿ ನಿದ್ದೆ ಮಾಡುತ್ತಿತ್ತು. ನೋಡಲು ಬಂದ ಬೀಗರು ಗೋಡೆಗೆ ಅಂಗೈ ಒತ್ತಿ, ಮಾಳಿಗೆ ನೋಡಿ, ಇಂಥ ಮಣ್ಣು ಎಲ್ಲಿಂದ ತಂದಿರಿ ಎಂದು ಕೇಳಿದರು.

“ಬರ್ರಿ, ತೋರಸ್ತೇನಿ,” ಎಂದ ಶಂಕರೆಪ್ಪ. ಅವರ ಕೈ ಹಿಡಿದು ನೇರ ಸವಳಿನ ಮೂಲೆಗೇ ಕರೆದುಕೊಂಡು ಹೋದ.

ಅಕ್ಕಂದಿರೇ, ಅಣ್ಣಂದಿರೇ, ಮಣ್ಣಿನ ಮನೆ ಬಡತನದ ಗುರುತಲ್ಲ. ಆದರೆ ಎಲ್ಲ ಮಣ್ಣೂ ಗೋಡೆಯಾಗುವುದಿಲ್ಲ. ತಿಳಿದ ಗೌಂಡಿಯನ್ನು ಕೇಳಿ. ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆ ಹತ್ತಿ ಮಣ್ಣು ಸರಿಮಾಡಿ. ಮತ್ತು ಗೋಡೆ ಕಟ್ಟುವ ಮುಂಚೆ ಒಂದು ಇಟ್ಟಂಗಿ ಮಾಡಿ ಹತ್ತು ದಿನ ಕಾಯಿರಿ. ಬಿರಿದರೆ ಮುಚ್ಚಬೇಡಿ, ಹೋಗುವುದು ಒಂದೇ ಇಟ್ಟಂಗಿ.