ಪೇಟಿ ಮಾಸ್ತರರ ಕಿವಿ

"ಮಾಸ್ತರ, ಕಣ್ಣು ಮುಚ್ಕೊಂಡು ಕೇಳ್ರಿ. ಯಾವ್ದು ಛಲೋ ಅಂತ ನೀವ ಹೇಳ್ರಿ," ಎಂದ ಸಂಜೀವಕುಮಾರ.

ರಾಚಪ್ಪ ಮಾಸ್ತರರು ಕಣ್ಣು ಮುಚ್ಚಿದರು. ಸಿಂದಗಿಯಲ್ಲಿ ಔಷಧದಂಗಡಿ ಇಟ್ಟಿದ್ದ ಸಂಜೀವಕುಮಾರ ಪುಣೆಯಿಂದ ಡ್ಯಾಕ್ ತರಿಸಿದ್ದ. ಸಿಡಿಯೊಳಗಿನ ಅಂಕಿಗಳನ್ನು ದನಿಯಾಗಿಸುವ, ಅಂಗೈಯಗಲದ ಪೆಟ್ಟಿಗೆ. ಅದನ್ನು ನೇರವಾಗಿ ಪವರ್ ಆಂಪ್ಲಿಫೈಯರಿಗೇ ಜೋಡಿಸಬೇಕೆಂದು ಅವನ ಹಟ. ನಡುವೆ ದನಿಯನ್ನು ಮೊದಲು ಹದಗೊಳಿಸುವ ಪ್ರೀ ಆಂಪ್ ಇಲ್ಲದಿದ್ದರೆ ದನಿಗೆ ಮೈಯೇ ಬರುವುದಿಲ್ಲವೆಂದು ರೇಡಿಯೋ ರಿಪೇರಿಯ ಅಮೀನುದ್ದೀನನ ಹಟ. ವಾರವಿಡೀ ಕಿತ್ತಾಡಿ, ಕೊನೆಗೆ ಇಬ್ಬರೂ ಮಾಸ್ತರರ ಕಿವಿಗೆ ಒಪ್ಪಿದ್ದರು. ಒಪ್ಪದೆ ಏನು ಮಾಡಿಯಾರು! ಹಾರ್ಮೋನಿಯಂ ಪೇಟಿಯ ಸ್ವರ ಕೂಡಿಸಲು ಇಂಡಿ, ಮುದ್ದೇಬಿಹಾಳದ ಭಜನಾ ಮಂಡಳಿಯವರೂ ಇವರ ಮನೆಗೇ ಬರುತ್ತಿದ್ದರು. ನಲವತ್ತು ವರ್ಷ ಆ ಕಿವಿಯೇ ಅವರ ಅನ್ನ, ಅದೇ ಅವರ ಮಾನ.

ಮೊದಲು ಪ್ರೀ ಆಂಪ್ ಇಟ್ಟು ಹಚ್ಚಿದರು. ಆಮೇಲೆ ಅದನ್ನು ತೆಗೆದು ಹಚ್ಚಿದರು. ಅದೇ ಭಜನೆ, ಅದೇ ದನಿ. ಮಾಸ್ತರರಿಗೆ ಏನೊಂದೂ ಬಗೆಹರಿಯಲಿಲ್ಲ. ವ್ಯತ್ಯಾಸವೇ ಇಲ್ಲವೋ, ತಮಗೆ ತಿಳಿಯುತ್ತಿಲ್ಲವೋ?

"ತಾಳದ ಕಿಣಿಕಿಣಿ ಯಾವುದರಾಗ ಸ್ವಚ್ಛ ಬಂತ್ರಿ?" ಎಂದು ಅಮೀನುದ್ದೀನ ಕೇಳಿದ.

ಮಾಸ್ತರರು ಕಣ್ಣು ತೆರೆದರು. ತಬಲಾ ಕೇಳಿತ್ತು, ಹಾಡು ಕೇಳಿತ್ತು. ಕಂಚಿನ ತಾಳ ಎಲ್ಲಿತ್ತು?

"ತಾಳ ಕೇಳಿಸಲಿಲ್ಲಪಾ," ಎಂದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಾ ಹೇಳಿದ್ದಿಲ್ಲೇನ್ರಿ? ನಿಮ್ಮ ಡ್ಯಾಕಿನಾಗ ದೋಷ ಐತಿ," ಎಂದ ಅಮೀನುದ್ದೀನ.

"ನಿನ್ನ ವಾಯರಿನಾಗ ಐತಿ!" ಎಂದ ಸಂಜೀವಕುಮಾರ.

ಚಹಾ ತಂದಿದ್ದ ಸಂಜೀವಕುಮಾರನ ಹೆಂಡತಿ ರಾಜೇಶ್ವರಿ, "ನನಗ ಎರಡರಾಗೂ ಕೇಳಿಸ್ತಲ್ರಿ," ಎಂದಳು.

"ಮಾಸ್ತರಗಿಂತ ನಿನ್ನ ಕಿವಿ ಶಾಣ್ಯಾ ಏನು? ಸುಮ್ನಿರು," ಎಂದು ಗಂಡ ಗದರಿದ.

ಆಕೆ ಕಪ್ಪು ಕೊಡುತ್ತ ಮಾಸ್ತರರನ್ನೇ ನೋಡಿದಳು. ದೋಷ ತಮ್ಮ ಕಿವಿಯದೇ ಎಂದು ಆಗ ಅವರಿಗೆ ಹೊಳೆಯಿತು. ನಾಲ್ಕು ದಿನದ ಹಿಂದಷ್ಟೇ ಇಂಗಳೇಶ್ವರದ ಭಜನಾ ಮಂಡಳಿಯವರ ಪೇಟಿಗೆ ಸ್ವರ ಕೂಡಿಸಿ ಕಳಿಸಿದ್ದರು. ಅದರ ಮೇಲಿನ ಸ್ವರಗಳು ಕೂಡಿದ್ದವೋ ಇಲ್ಲವೋ? ಈ ವರ್ಷ ಕೈಯಾಡಿಸಿದ ಪೇಟಿಗಳೆಷ್ಟು? ಒಬ್ಬರಾದರೂ ತಿರುಗಿ ಬಂದು ಕೇಳಬಾರದಿತ್ತೇ! ಮಾಸ್ತರರು ಮಾಡಿದ್ದೆಂದು ಎಲ್ಲರೂ ಸುಮ್ಮನಿದ್ದರೋ ಏನೋ. ಮಾಸ್ತರರಿಗೆ ಭಯವಾಯಿತು.

"ಪೆಟ್ಟಿಗಿ ಬಿಚ್ಚಬ್ಯಾಡ್ರಪಾ, ಅದರಾಗ ಏನೂ..." ಎಂದು ಬಾಯಿ ತೆರೆದರು.

"ನೀವ್ ಹೇಳಿದ ಮ್ಯಾಲ ಮುಗೀತ್ರಿ. ದೋಷ ಇದ್ದ ಇರತೈತಿ," ಎನ್ನುತ್ತ ಅಮೀನುದ್ದೀನ ಆಗಲೇ ಡ್ಯಾಕಿನ ತಿರುಪುಮೊಳೆಗಳನ್ನು ಬಿಚ್ಚತೊಡಗಿದ್ದ. "ಜ್ವಾಕಿ ಹಿಡೀರಿ ಮಾಸ್ತರ," ಎಂದು ಒಂದೊಂದೇ ಅವರ ಅಂಗೈಗೆ ಹಾಕಿದ. ನಾಲ್ಕನೆಯದು ಬಿದ್ದ ಮೇಲೆ ಮಾಸ್ತರರು ಮುಷ್ಟಿ ಮುಚ್ಚಿದರು.