ಗಾಜಿನ ಮನೆಯ ಅಗ್ಗಿಷ್ಟಿಕೆ

ಕಂದಾಯ ಇಲಾಖೆಯ ಶೇಕ್‌ದಾರಿಕೆಯಿಂದ ನಿವೃತ್ತರಾದ ಮೇಲೆ ನಮ್ಮ ಯಜಮಾನರ ಬುದ್ಧಿಗೂ ರಜೆ ಸಿಕ್ಕಿತು. ಜರ್ಮನಿ ಯುದ್ಧ ಮುಗಿದ ಹೊಸದು. ಯಾವುದೋ ಇಂಗ್ಲಿಷ್ ಪತ್ರಿಕೆ ಓದಿ, ಗಿಡ ಗಾಳಿಯೊಳಗಿನ ಇಂಗಾಲಾಮ್ಲವನ್ನು ಉಂಡೇ ಬೆಳೆಯುತ್ತದೆ, ಹೆಚ್ಚಾಗಿ ಉಣಿಸಿದರೆ ಹಣ್ಣು ಎರಡರಷ್ಟಾಗುತ್ತದೆ ಎಂದು ಚನ್ನಪಟ್ಟಣಕ್ಕೆಲ್ಲ ಸಾರಿದರು. ಕೇಳುವವರೂ ಸಿಕ್ಕರು. ಕೆಲಸವಿಲ್ಲದವರಿಗೇನು ಬರ?

ಹಿಪ್ಪುನೇರಳೆ ತೋಟದ ಒಂದು ಮೂಲೆ ಕಡಿಸಿ ಗಾಜಿನ ಮನೆ ಕಟ್ಟಿಸಿದರು, ಬೆಂಗಳೂರಿನಿಂದ ಸ್ಟ್ರಾಬೆರಿ ಸಸಿ ತರಿಸಿದರು. ಆ ತೋಟ ನನ್ನ ತೌರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದು. ಅದರ ಸೊಪ್ಪು ತಿಂದ ರೇಷ್ಮೆ ಹುಳುಗಳ ಗೂಡಿನಿಂದಲೇ ನಮ್ಮ ಒಲೆ ಉರಿಯುತ್ತಿತ್ತು.

"ಬೆಂಗಳೂರಿನ ವ್ಯವಸಾಯ ಇಲಾಖೆ ಅಧಿಕಾರಿ ಬಂದು ಒಂದೇ ಒಂದು ಹಣ್ಣು ತಿಂದು ಮೆಚ್ಚಲಿ, ಉಳಿದ ಹಿಪ್ಪುನೇರಳೆನೂ ಕೀಳಿಸಿ ಪೂರ್ತಿ ಗಾಜು ಹಾಕಿಸ್ತೀನಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಗಾಜಿನ ಮನೆಗೆ ನಮ್ಮ ಹುಳು ಸಾಕುವ ಚಿಕ್ಕಹನುಮಯ್ಯನನ್ನೇ ನೇಮಿಸಿದರು. ಬಿಸಿಲೇರುತ್ತಲೂ ಇದ್ದಿಲಿನ ಅಗ್ಗಿಷ್ಟಿಕೆ ಹೊತ್ತಿಸಿ ಒಳಗಿಡಬೇಕು, ಅದರಿಂದೇಳುವ ಇಂಗಾಲಾಮ್ಲ ಆಚೆ ಹೋಗದಂತೆ ಬಾಗಿಲು ಮುಚ್ಚಬೇಕು. ಆ ಮಹಾಶಯ, ಹುಳುವಿಗೆ ನೊಣ ತಾಕದಂತೆ ಕಾಯುವ ಹುಳುಮನೆಯ ಮಡಿಯನ್ನೆಲ್ಲ ಅಲ್ಲಿಗೂ ತಂದ. ಸಂದುಗಳಿಗೆ ಸಗಣಿ ಮೆತ್ತಿದ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ, ರೆಕ್ಕೆಯಿರುವುದೇನು ಕಂಡರೂ ಹೆಗಲ ವಲ್ಲಿಯಿಂದ ಬಡಿದು ಕೊಂದ.

"ಒಂದ್ ನೊಣಾನೂ ಒಳೀಕೆ ಬುಟ್ಟಿಲ್ಲ ಕಣ್ರವ್ವ."

"ಜೇನು?"

"ಅದ್ನೂ ಬುಟ್ಟಿಲ್ಲ!"

ಯಜಮಾನರು ಅವನ ಬೆನ್ನು ತಟ್ಟಿದರು. ಜೋಡಿ ಹೇಳಿ ಮಾಡಿಸಿದಂತಿತ್ತು. ಜೇನು ಮುಟ್ಟದ ಹೂವು ಕಾಯಿ ಕಟ್ಟುವುದುಂಟೇ? ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಲೆಗಳೇನೋ ಅಂಗೈಯಗಲ ಬೆಳೆದವು. ಇಂಗಾಲಾಮ್ಲ ಮಾತಿಗೆ ತಪ್ಪಲಿಲ್ಲ. ಹೂವೂ ರಾಶಿ ಬಿಟ್ಟಿತು, ಹಾಗೇ ಒಣಗಿತು. ಅಲ್ಲೊಂದು ಇಲ್ಲೊಂದು ಬಟಾಣಿಯಷ್ಟು ಸೊಟ್ಟ ಕಾಯಿ. ಯಜಮಾನರು ಇನ್ನೊಂದು ಅಗ್ಗಿಷ್ಟಿಕೆ ಇಡಿಸಿ, ಅದರ ಮುಂದೆ ಕೂತು ಕೆಮ್ಮಿದರು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಕಸ ಚೆಲ್ಲಲು ತಿಪ್ಪೆಗೆ ಹೋದೆ. ಬಡಕಲೆಂದು ಯಜಮಾನರು ಕಿತ್ತೆಸೆದಿದ್ದ ಸಸಿಯೊಂದು ಅಲ್ಲೇ ಬೇರೂರಿ ಒಂದು ಹಣ್ಣು ಬಿಟ್ಟಿತ್ತು. ಕೆಂಪಗೆ, ತುಂಬಿಕೊಂಡು. ಪಕ್ಕದ ಹೂವಿನಲ್ಲಿ ಜೇನು ಕೂತಿತ್ತು. ಹಿಂದೆ ಕೆಮ್ಮು ಕೇಳಿಸಿತು. ಇದು ಇವರ ಕಣ್ಣಿಗೆ ಬಿದ್ದರೆ ಬೆಳ್ಳಿ ತಟ್ಟೆಗೆ ಹೋಗುತ್ತದೆ, ಇಂಗಾಲಾಮ್ಲದ ಮಹಿಮೆ ಎನ್ನಿಸಿಕೊಳ್ಳುತ್ತದೆ, ನನ್ನ ತೋಟ ಹೋಗುತ್ತದೆ.

ಕಿತ್ತು ಬಾಯಿಗೆ ಹಾಕಿಕೊಂಡೆ.

"ಏನೇ ಅದು, ತಿಪ್ಪೆ ಹತ್ತಿರ ನಿಂತು ತಿನ್ನೋದು?"

"ಏನಿಲ್ಲ" ಎಂದೆ. ಹಲ್ಲು ಚಳಿತುಹೋಗುವಷ್ಟು ಹುಳಿ. ಥೂ, ಇಷ್ಟಕ್ಕೆ ನನ್ನ ತೋಟ ಕಡಿಯಲು ಹೊರಟಿದ್ದರು.

ಮಧ್ಯಾಹ್ನ ಅಧಿಕಾರಿ ಬಂದು ಗಾಜಿನ ಮನೆಯೆಲ್ಲ ಸುತ್ತಿ, ಎಲೆಯೊಂದನ್ನು ಎತ್ತಿ ನೋಡಿದರು.

"ಸೊಪ್ಪು ಸೊಗಸಾಗಿದೆ, ಶೇಕ್‌ದಾರರೇ. ಇದನ್ನು ರೇಷ್ಮೆ ಹುಳು ತಿನ್ನುತ್ತದೆಯೇ?"

ಯಜಮಾನರು ಕೆಮ್ಮಿದರು. ನಾನು ಬುಟ್ಟಿ ಎತ್ತಿಕೊಂಡು ಹಿಪ್ಪುನೇರಳೆ ಕೊಯ್ಯಲು ಹೋದೆ.